'ಕಂದು ಹಾಕು': ಈ ಕಂದು ಯಾವ ಕಂದು?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ಕೇಳಬೇಕಿತ್ತು. ಆ ಪದದಿಂದ ನಾನು ಪೆಚ್ಚಾದ ಕತೆಯಿಂದಲೇ ಶುರು ಮಾಡುತ್ತೇನೆ.

ಮಳವಳ್ಳಿ ಹತ್ತಿರ ನಮ್ಮದೊಂದು ಸಣ್ಣ ತೋಟ ಇದೆ. ಅಲ್ಲಿ ಆರು ಬನ್ನೂರು ಕುರಿ ಸಾಕಿದ್ದೇವೆ. ನಾನು ಬೆಂಗಳೂರಲ್ಲಿ ಬೆಳೆದವನು, ಕುರಿಯ ಮಾತು ಕಲಿಯುತ್ತಿರುವುದೇ ಈಗ. ಹೋದ ವರ್ಷ ಒಂದು ಬೆಳಿಗ್ಗೆ ತೋಟ ನೋಡಿಕೊಳ್ಳುವ ಹುಡುಗ ಫೋನ್ ಮಾಡಿ, "ಅಣ್ಣಾ, ದೊಡ್ಡ ಕುರಿ ಕಂದಾಕ್ಬುಟ್ಟದೆ" ಅಂದ. ನನ್ನ ಕಿವಿಗೆ ಬಿದ್ದಿದ್ದು 'ಕಂದ'. ಖುಷಿಯಾಗಿ "ಗಂಡಾ ಹೆಣ್ಣಾ?" ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಮೆಲ್ಲಗೆ, "ನೀವು ಬನ್ನಿ" ಅಂದ.

ಹೋಗಿ ನೋಡಿದರೆ ಗೋಣಿಚೀಲದ ಕೆಳಗೆ ಮೊಳಕ್ಕಿಂತ ಚಿಕ್ಕ, ಸತ್ತ ಮರಿ. ಕಂದು ಹಾಕುವುದು ಅಂದರೆ ತಿಂಗಳು ತುಂಬುವ ಮೊದಲೇ ಮರಿ ಸತ್ತು ಬೀಳುವುದು ಅಂತ ಆಗ ಗೊತ್ತಾಯಿತು. ಮೈಮೇಲೆ ಉಣ್ಣೆ ಬಂದಿರಲಿಲ್ಲ. ಗೊರಸು ಮಾತ್ರ ಪುಟ್ಟದಾಗಿ, ಮೇಣದಂತೆ ಮೆತ್ತಗೆ ಇತ್ತು. ಕುರಿಗೆ ಗಬ್ಬದ ಅವಧಿ ಸುಮಾರು 147 ದಿನ, ಅಂದರೆ ಐದು ತಿಂಗಳು. ಇದಕ್ಕೆ ಇನ್ನೂ ಒಂದೂವರೆ ತಿಂಗಳು ಬಾಕಿ ಇತ್ತು. ಮರಿ ಹೊಟ್ಟೆಯೊಳಗೆ ಜಾಸ್ತಿ ಬೆಳೆಯುವುದೇ ಆ ಕೊನೆಯ ಒಂದೂವರೆ ತಿಂಗಳಲ್ಲಿ ಅಂತ ಓದಿಕೊಂಡು, ಹಿಂಡಿ ತಂದು ಇಟ್ಟಿದ್ದೆ. ಚೀಲ ಬಿಚ್ಚಿಯೂ ಇರಲಿಲ್ಲ.

ಪಶುವೈದ್ಯರು ಬಂದವರೇ ಮೊದಲು ಕೇಳಿದ್ದು, "ಬರಿಗೈಲಿ ಯಾರಾದರೂ ಮುಟ್ಟಿದ್ರಾ?" ಗಬ್ಬ ಬೀಳಿಸುವ ಬ್ರುಸೆಲ್ಲಾ ಬ್ಯಾಕ್ಟೀರಿಯಾ ಇದ್ದರೆ ಮನುಷ್ಯರಿಗೂ ಅಂಟುತ್ತದೆ. ಆ ರೋಗಕ್ಕೆ ಅವರು ಹೇಳಿದ ಹೆಸರು 'ಕಂದು ರೋಗ'. ಗ್ಲೌಸ್ ಹಾಕಿಕೊಂಡು, ಆಳವಾಗಿ ಗುಂಡಿ ತೋಡಿ, ಸುಣ್ಣ ಸುರಿದು ಹೂಳಿದೆವು. ತಾಯಿಯನ್ನು ಬೇರೆ ಕಟ್ಟಿದೆವು. ರಕ್ತ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ನಮ್ಮ ದೊಡ್ಡಿಯ ಬಾಗಿಲು ಕಿರಿದು, ಸಂಜೆ ಆರೂ ಒಟ್ಟಿಗೆ ನುಗ್ಗುತ್ತವೆ. ಹೊಟ್ಟೆಗೆ ಪೆಟ್ಟು ಬಿದ್ದಿರಬೇಕು ಅಂತ ಕೊನೆಗೆ ತೀರ್ಮಾನವಾಯಿತು. ಬಾಗಿಲನ್ನು ಈಗ ಅಗಲ ಮಾಡಿಸಿದ್ದೇನೆ.

ಸರಿ, ಪದಕ್ಕೆ ಬರೋಣ. ಊರಲ್ಲಿ ಕೇಳಿದರೆ ಮೂರು ಉತ್ತರ ಸಿಕ್ಕಿತು. ಕಂದು ಅಂದರೆ ಬಾಡು, ಮುಖ ಕಂದಿತು ಅನ್ನುತ್ತೇವಲ್ಲ, ಹಾಗೆ ಗಬ್ಬ ಬಾಡಿತು ಅಂತ ಒಬ್ಬರು. ಬಿದ್ದದ್ದು ಕಂದುಬಣ್ಣ ಇರುತ್ತದೆ, ಅದಕ್ಕೇ ಅಂತ ಇನ್ನೊಬ್ಬರು. ಇದು ಸುಮ್ನೆ ಕಟ್ಟಿದ ಮಾತು ಅನಿಸಿತು. ಮೂರನೆಯವರು ಪಕ್ಕದ ಮನೆ ಅಜ್ಜಿ. "ಕಂದು ಅಂದ್ರೆ ಕಂದ ಕಣಪ್ಪ, ಇನ್ನೇನು" ಅಂದರು.

ನನ್ನ ಓಟು ಅಜ್ಜಿಗೆ. ಮರಿ ಹಾಕಿತು, ಕರು ಹಾಕಿತು, ಮೊಟ್ಟೆ ಹಾಕಿತು ಅನ್ನುತ್ತೇವೆ. ಇಲ್ಲೆಲ್ಲ 'ಹಾಕು' ಹಿಂದೆ ಇರುವುದು ಒಂದು ವಸ್ತುವಿನ ಹೆಸರು. ಬಾಡು ಅನ್ನುವ ಅರ್ಥ ಇದ್ದಿದ್ದರೆ 'ಕಂದಿ ಹೋಯಿತು' ಅನ್ನಬೇಕಿತ್ತು, ಅಲ್ವಾ? ಜೊತೆಗೆ ತಮಿಳಿನಲ್ಲಿ ಕರುವಿಗೆ 'ಕನ್ಱು' ಅನ್ನುತ್ತಾರೆ (ಱ ಅಂದರೆ ಹಳೆಯ ಗಡಸು ರ). ಅಲ್ಲಿಯ ಒನ್ಱು ನಮ್ಮಲ್ಲಿ ಒಂದು. ಹಾಗೇ ಕನ್ಱು ನಮ್ಮಲ್ಲಿ ಕಂದು ಆಗಿರಬಹುದು. ಈಯುವುದಕ್ಕೂ (ಮರಿ ಹಾಕುವುದಕ್ಕೂ) ಇದೇ ಲೆಕ್ಕ: ಅವರ ಈನ್ಱ, ನಮ್ಮ ಹಳೆಯ ಈಂದ. ಇನ್ನು ಅವರ ಮೂನ್ಱು ನಮ್ಮ ಹಳಗನ್ನಡದಲ್ಲಿ ಮೂಱು. ಈ ದಾರಿ ಹಿಡಿದರೆ 'ಕರು' ಕೂಡ, ಅಂದರೆ ಹಳೆಯ ಕಱು, ಇದೇ ಬಳ್ಳಿಯ ಕಾಯಿ ಅನಿಸುತ್ತದೆ.

ಆದರೆ ಒಂದು ತೊಡಕು ಉಳಿಯುತ್ತದೆ. ಕಂದು ಬರೀ ಮರಿ ಅಂತಾದರೆ, ಸತ್ತು ಬಿದ್ದದ್ದಕ್ಕೆ ಮಾತ್ರ ಯಾಕೆ ಅಂಟಿಕೊಂಡಿತು? ಬದುಕಿದವಕ್ಕೆ ಮರಿ, ಕರು ಅನ್ನುವ ಮಾತು ನಿಂತು, ಹಳೆಯ ಪದ ಕೆಟ್ಟ ಸುದ್ದಿಯ ಪಾಲಿಗೆ ಉಳಿಯಿತೇ? ಅಥವಾ 'ಬಾಡು' ಅನ್ನುವ ಕಂದಿನ ನೆರಳು ಇದರ ಮೇಲೆ ಬಿದ್ದು ಅರ್ಥ ವಾಲಿತೇ? ಎರಡನೆಯದನ್ನು ಪೂರ್ತಿ ತಳ್ಳಿಹಾಕಲು ಆಗುತ್ತಿಲ್ಲ. ಯಾಕೆಂದರೆ ಮಾಸು ಕೂಡ ಹೀಗೇ ಇದೆ. ಬಟ್ಟೆ ಮಾಸುತ್ತದೆ, ಈದ ಮೇಲೆ ಬೀಳುವುದೂ ಮಾಸು. ಅದನ್ನೇ ಕಸ ಅಂತಲೂ ಸತ್ತೆ ಅಂತಲೂ ಕರೆಯುವುದನ್ನು ಕೇಳಿದ್ದೇನೆ. ಎರಡೂ ಗುಡಿಸಿ ಹಾಕುವ ವಸ್ತುವಿನ ಹೆಸರೇ.

ಇಲ್ಲೇ ಇನ್ನೊಂದು. ಕರಪತ್ರಗಳಲ್ಲಿ 'ಗರ್ಭಪಾತವಾದ ಕುರಿ' ಅಂತ ಇರುತ್ತದೆ. ತೋಟದ ಹುಡುಗನಿಗೆ ಓದಿ ಹೇಳಿದರೆ ನಗುತ್ತಾನೆ. ಗರ್ಭ ಹೆಂಗಸರಿಗೆ, ಕುರಿಗೆ ಗಬ್ಬ. ಒಂದೇ ಪದದ ಎರಡು ರೂಪ, ಆದರೂ ಹಟ್ಟಿಗೂ ಮನೆಗೂ ಹಂಚಿಹೋಗಿವೆ. ಸೂಲು, ಅಂದರೆ ಹೆರಿಗೆ, ಹಾಗಲ್ಲ, ಎರಡೂ ಕಡೆ ಇದೆ. ಸಂತೆಯಲ್ಲಿ ಹಸು ಕೊಳ್ಳುವಾಗ "ಎಷ್ಟನೇ ಸೂಲು?" ಅಂತ ಕೇಳುತ್ತೇವೆ. ಹೆರಿಗೆ ಮಾಡಿಸುವಾಕೆಯೂ ಸೂಲಗಿತ್ತಿಯೇ. 2018ರಲ್ಲಿ ಪದ್ಮಶ್ರೀ ಬಂದ ಪಾವಗಡದ ನರಸಮ್ಮನವರ ಹೆಸರಿನ ಹಿಂದೆ ಆ ಪದ ಎಷ್ಟು ಗೌರವದಿಂದ ನಿಂತಿದೆ ನೋಡಿ. ಕುರಿಗೆ ಮಾತ್ರ ಯಾರೂ ಸೂಲು ಎಣಿಸಿದ್ದನ್ನು ನಾನು ಕೇಳಿಲ್ಲ, ವಯಸ್ಸು ತಿಳಿಯಲು ಹಲ್ಲು ಎಣಿಸುತ್ತಾರೆ.

ನಿಮ್ಮಿಂದ ಬೇಕಾಗಿರುವುದು ಇಷ್ಟು. ನಿಮ್ಮ ಕಡೆ ಕುರಿ ಕಂದು ಹಾಕುತ್ತದೋ, ಬೇರೆ ಮಾತಿದೆಯೋ? ಕೊಪ್ಪಳ, ರಾಯಚೂರು ಕಡೆ ಕೆಂಗುರಿ ಸಾಕುವವರು ಏನು ಅನ್ನುತ್ತಾರೆ? ಕಂದು ಅನ್ನುವುದನ್ನು ಬದುಕಿರುವ ಮರಿಗೋ ಕರುವಿಗೋ ಬಳಸಿದ್ದನ್ನು ಯಾರಾದರೂ ಕೇಳಿದ್ದೀರಾ? ಒಂದೇ ಒಂದು ಕಡೆ ಸಿಕ್ಕರೂ ಸಾಕು, ಅಜ್ಜಿಗೆ ಹೋಗಿ ಹೇಳಬೇಕು.

ಅಂದ ಹಾಗೆ, ಅದೇ ದೊಡ್ಡ ಕುರಿ ಈಗ ಮತ್ತೆ ಗಬ್ಬ. ನಾಲ್ಕು ತಿಂಗಳು ತುಂಬಿದೆ. ಫೋನ್ ಬಂದರೆ ಈ ಸಲ ಮೊದಲು "ಮರಿಯಾ?" ಅಂತ ಕೇಳುತ್ತೇನೆ.