ಮಳೆ ಬಿಟ್ಟ ಮೇಲೆ ಮಗುವಿನ ಇನ್ಹೇಲರ್ ನಿಲ್ಲಿಸಬಹುದಾ?

ಪ್ರಶ್ನೆ (ಹೊಸನಗರ ಕಡೆಯಿಂದ):
ಮಗನಿಗೆ 5 ವರ್ಷ, ಆಸ್ತಮಾ. ಸಾಲ್ಬುಟಮಾಲ್ ಮತ್ತು ಬುಡೆಸೊನೈಡ್ ಎರಡು ಇನ್ಹೇಲರ್ ಕೊಟ್ಟಿದ್ದಾರೆ. ಈಗ ಕೆಮ್ಮಿಲ್ಲ. ಬುಡೆಸೊನೈಡ್ ಸ್ಟೆರಾಯ್ಡ್ ಅಂತೆ, ನಿಲ್ಲಿಸಬಹುದಾ? ಸ್ಪೇಸರ್ (ಇನ್ಹೇಲರ್ ಬಾಯಿಗೆ ಜೋಡಿಸುವ ಪ್ಲಾಸ್ಟಿಕ್ ಕೊಳವೆ) ಬೇಕೇ ಬೇಕಾ? ಅವನ ಅಜ್ಜನಿಗೂ ದಮ್ಮಿದೆ, ಅವರು ಸಾಲ್ಬುಟಮಾಲ್ ಒಂದನ್ನೇ ಎಳೀತಾರೆ.

ಉತ್ತರ 1 (ಮಕ್ಕಳ ವಾರ್ಡ್ ನರ್ಸ್):
ನಿಲ್ಲಿಸಬೇಡಿ ಅಕ್ಕ. ಕೆಮ್ಮಿಲ್ಲದಿರುವುದೇ ಬಹುಶಃ ಅದರಿಂದ. ಬುಡೆಸೊನೈಡ್ ಶ್ವಾಸನಾಳದ ಊತ ಇಳಿಸುತ್ತೆ, ಅದಕ್ಕೆ ವಾರಗಟ್ಟಲೆ ಬೇಕು. ಸಾಲ್ಬುಟಮಾಲ್ ಬಿಗಿದ ಸ್ನಾಯು ಸಡಿಲಿಸುತ್ತೆ, ನಾಲ್ಕಾರು ಗಂಟೆಗೆ ಅದರ ಕೆಲಸ ಮುಗೀತು. ಸುಮಾರು 3 ತಿಂಗಳು ರಾತ್ರಿ ಕೆಮ್ಮು, ಓಡಿದಾಗ ಏದುಸಿರು ಏನೂ ಇಲ್ಲದಿದ್ದರೆ ಡಾಕ್ಟ್ರೇ ಡೋಸ್ ಇಳಿಸ್ತಾರೆ. ಮಳೆ ಬಿಟ್ಟ ಕೂಡಲೇ ಅಡಿಕೆ ಕೊಯ್ಲು, ಬೇಯಿಸುವ ಒಲೆಯ ಹೊಗೆ ಬೇರೆ. ಸ್ಟೆರಾಯ್ಡ್ ಇಲ್ಲಿ ಮೈಕ್ರೋಗ್ರಾಂ ಲೆಕ್ಕ, ಮಾತ್ರೆಯಲ್ಲಿ ಮಿಲಿಗ್ರಾಂ. ವರ್ಷಗಟ್ಟಲೆ ಬಳಸಿದರೆ ಎತ್ತರ ಸುಮಾರು 1 ಸೆಂ.ಮೀ. ಕಡಿಮೆಯಾಗಬಹುದು, ನಿಜ. ಆದರೆ ಪದೇ ಪದೇ ಉಬ್ಬಸ ಬರುವುದು ಅದಕ್ಕಿಂತ ಅಪಾಯ.

ಸ್ಪೇಸರ್ ಇಲ್ಲದೆ ಈ ವಯಸ್ಸಿಗೆ ಆಗಲ್ಲ, ಹೆಚ್ಚಿನ ಔಷಧಿ ಗಂಟಲಿಗೇ ಅಂಟುತ್ತೆ. ಕುಲುಕಿ, ಒಂದೇ ಪಫ್ ಒತ್ತಿ, ಮಗು 5-6 ಸಲ ಸಹಜವಾಗಿ ಉಸಿರಾಡಲಿ. ಅರ್ಧ ನಿಮಿಷ ಬಿಟ್ಟು ಮತ್ತೆ ಕುಲುಕಿ ಇನ್ನೊಂದು. ಎರಡು ಪಫ್ ಒಟ್ಟಿಗೆ ಒತ್ತಿದರೆ ಮಗುವಿಗೆ ಸಿಗುವುದು ಕಡಿಮೆ. ಬುಡೆಸೊನೈಡ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿಸಿ, ಇಲ್ಲಾಂದ್ರೆ ನಾಲಿಗೆ ಮೇಲೆ ಬಿಳಿ ಫಂಗಸ್ ಕೂರುತ್ತೆ.

ಉತ್ತರ 2 (ಔಷಧಿ ಅಂಗಡಿ, ಸಾಗರ):
ಸ್ಪೇಸರನ್ನು ಸಾಬೂನು ನೀರಲ್ಲಿ ತೊಳೆದು ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಒರೆಸಿದರೆ ಪ್ಲಾಸ್ಟಿಕ್‌ನಲ್ಲಿ ಸ್ಥಿರ ವಿದ್ಯುತ್ ಹುಟ್ಟಿ ಔಷಧಿ ಗೋಡೆಗೆ ಅಂಟುತ್ತೆ. ಔಷಧಿ ಎಷ್ಟು ಉಳಿದಿದೆ ಅಂತ ಇನ್ಹೇಲರ್ ಡಬ್ಬಿ ನೀರಲ್ಲಿ ತೇಲಿಸಿ ನೋಡುವುದು ನಂಬಿಕೆಗೆ ಬಾರದು. 200 ಪಫ್‌ನ ಡಬ್ಬಿ ದಿನಕ್ಕೆ 4ರಂತೆ 50 ದಿನ. ಆಮೇಲೂ ಗ್ಯಾಸ್ ಬರುತ್ತೆ, ಔಷಧಿ ಇರಲ್ಲ. ಡಬ್ಬಿ ಮೇಲೆ ಶುರು ಮಾಡಿದ ತಾರೀಖು ಬರೆದಿಡಿ. ಮತ್ತೆ ಬಣ್ಣ ನೋಡಿ ಗುರುತು ಹಿಡೀಬೇಡಿ, ಕಂಪನಿಗೊಂದು ಬಣ್ಣ. ಹೆಸರು ಓದಿ.

ಉತ್ತರ 3 (ಶ್ವಾಸಕೋಶ ವಿಭಾಗ, ಶಿವಮೊಗ್ಗ):
ಅಜ್ಜನ ವಿಷಯ ನನಗೆ ಹೆಚ್ಚು ಚಿಂತೆ. ಆಸ್ತಮಾ ಇರುವ ದೊಡ್ಡವರು ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಳ್ಳಬಾರದು ಎಂದು ಜೀನಾ (ಆಸ್ತಮಾ ಚಿಕಿತ್ಸೆಯ ಅಂತರರಾಷ್ಟ್ರೀಯ) ಮಾರ್ಗಸೂಚಿ 2019ರಿಂದ ಹೇಳುತ್ತಿದೆ. ಊತ ಹಾಗೇ ಉಳಿಯುತ್ತೆ. ಬೀಡಿ ಸೇದಿದವರಾದರೆ ಸಿಒಪಿಡಿಯೂ (ಶ್ವಾಸನಾಳ ಕಾಯಂ ಕಿರಿದಾಗುವ ಕಾಯಿಲೆ) ಇರಬಹುದು, ಸ್ಪೈರೋಮೆಟ್ರಿ (ಊದಿಸಿ ಉಸಿರಿನ ಬಲ ಅಳೆಯುವ ಪರೀಕ್ಷೆ) ಮಾಡಿಸಿ. ಕೈನಡುಕಕ್ಕೋ ತಲೆನೋವಿಗೋ ಪ್ರೊಪ್ರನಲಾಲ್ (ಶ್ವಾಸನಾಳ ಬಿಗಿಸಬಲ್ಲ ಮಾತ್ರೆ) ಬರೆಯುವಾಗ ದಮ್ಮಿದೆ ಅಂತ ಡಾಕ್ಟರಿಗೆ ಹೇಳಲೇಬೇಕು. ಮನೆಯಲ್ಲಿ ಬೂಷ್ಟು ಹಿಡಿದ ಗೋಡೆ ಪಕ್ಕ ಹಾಸಿಗೆ ಬೇಡ, ಬಚ್ಚಲೊಲೆ ಹೊಗೆ ಒಳಗೆ ನಿಲ್ಲದಂತೆ ನೋಡಿ.

ಪ್ರಶ್ನೆ ಕೇಳಿದವರು:
ರಾತ್ರಿ ಮಗನಿಗೆ ಜೋರಾದರೆ? ಆಸ್ಪತ್ರೆ ದೂರ.

ಉತ್ತರ 1:
ಕೂರಿಸಿ, ಮಲಗಿಸಬೇಡಿ. 100 ಮೈಕ್ರೋಗ್ರಾಂ ಸಾಲ್ಬುಟಮಾಲ್ 4 ಪಫ್, ಒಂದೊಂದಾಗಿ, ಸ್ಪೇಸರಲ್ಲಿ. 4 ನಿಮಿಷ ನೋಡಿ, ಇಳಿಯದಿದ್ದರೆ ಇನ್ನೊಂದು 4, ಕೂಡಲೇ 108ಕ್ಕೆ ಫೋನ್. ಗಾಡಿ ಬರುವವರೆಗೂ ಹೀಗೇ ಮುಂದುವರಿಸಿ. ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಮಾತು ತುಂಡಾಗುತ್ತಿದ್ದರೆ, ತುಟಿ ನೀಲಿಗಟ್ಟಿದರೆ ಮೊದಲೇ ಫೋನ್ ಮಾಡಿ. ಸುಸ್ತಾದ ಮಗುವಿನ ಎದೆಯ ಸುಂಯ್ ಸದ್ದು ತಟ್ಟನೆ ನಿಂತರೆ ವಾಸಿಯಾಯ್ತು ಅಂದ್ಕೋಬೇಡಿ ಮಾರಾಯ್ರೆ, ಗಾಳಿಯೇ ಓಡಾಡುತ್ತಿಲ್ಲ ಅಂತ ಅರ್ಥ.