ಬ್ರಿಡ್ಜ್ ಆಚೆಗಿನ ಟರ್ಮಿನಲ್‌ಗಳು ಬೂಟ್ ಆಗ್ತಿಲ್ಲ, ಅನುಭವ ಇದ್ದವರು ಹೇಳಿ

ರಾಜಾಜಿನಗರದಲ್ಲಿ ನಮ್ಮದೊಂದು ಕಂಪ್ಯೂಟರ್ ತರಬೇತಿ ಕೇಂದ್ರ ಇದೆ. ಹಾರ್ಡ್‌ಡಿಸ್ಕ್ ಇಲ್ಲದ ಹಳೆಯ ಪಿಸಿಗಳನ್ನೇ ಟರ್ಮಿನಲ್ ಮಾಡಿಕೊಂಡು ಎಲ್‌ಟಿಎಸ್‌ಪಿ (ನೆಟ್‌ವರ್ಕ್ ಮೂಲಕವೇ ಪಿಸಿಗಳಿಗೆ ಲಿನಕ್ಸ್ ಕಳಿಸುವ ತಂತ್ರಾಂಶ) ಸರ್ವರ್‌ನಿಂದ ಬೂಟ್ ಮಾಡಿಸುತ್ತೇವೆ. ಕೆಳಗಿನ ಹಾಲ್‌ನಲ್ಲಿ ಎಲ್ಲ ಸರಿ ಇದೆ. ಮೇಲಿನ ಮಹಡಿಗೆ ಎರಡು ನೆಟ್‌ವರ್ಕ್ ಕಾರ್ಡ್ ಇರುವ ಲಿನಕ್ಸ್ ಪಿಸಿಯನ್ನು ಬ್ರಿಡ್ಜ್ (ಎರಡು ಕಡೆಯ ನೆಟ್‌ವರ್ಕ್ ಒಂದಾಗಿಸುವ ಸೇತುವೆ) ಮಾಡಿ, ಆಚೆ ಕಡೆ ಸೆಕೆಂಡ್ ಹ್ಯಾಂಡ್ ಮ್ಯಾನೇಜ್ಡ್ ಸ್ವಿಚ್ (ಸೆಟ್ಟಿಂಗ್ ಬದಲಿಸಬಹುದಾದ ಸ್ವಿಚ್) ಹಾಕಿದ್ದೇವೆ. ಅಲ್ಲಿ ಟರ್ಮಿನಲ್ ಆನ್ ಮಾಡಿದರೆ ‘ಪಿಎಕ್ಸ್‌ಇ-ಇ51’ ಅಂತ ನೆಟ್‌ವರ್ಕ್ ಬೂಟ್‌ನ ಎರರ್ ಬಂದು ನಿಂತುಬಿಡುತ್ತದೆ. ಅದೇ ಕೇಬಲ್‌ಗೆ ಲ್ಯಾಪ್‌ಟಾಪ್ ಹಾಕಿದರೆ ಐಪಿ (ನೆಟ್‌ವರ್ಕ್ ವಿಳಾಸ) ಸಿಗುತ್ತದೆ! ಎಲ್ಲಿಂದ ಹುಡುಕಲಿ?

— ಸರ್, ಲ್ಯಾಪ್‌ಟಾಪ್‌ಗೆ ಐಪಿ ಸಿಗುತ್ತದೆ ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಇ51 ಅಂದರೆ ಟರ್ಮಿನಲ್ ಐಪಿ ಕೇಳಿತು, ಯಾರಿಂದಲೂ ಉತ್ತರ ಬರಲಿಲ್ಲ ಅಂತ. ನಿಮ್ಮಲ್ಲಿ ದಾರಿ ಇದೆ, ತಡವಾಗಿ ತೆರೆಯುತ್ತಿದೆ ಅಷ್ಟೇ. ನನಗೆ ಮೊದಲ ಅನುಮಾನ ಸ್ಪ್ಯಾನಿಂಗ್ ಟ್ರೀ ಮೇಲೆ, ಅಂದರೆ ಕೇಬಲ್‌ಗಳು ಸುತ್ತಾಗಿ ನೆಟ್‌ವರ್ಕ್ ಕೆಡದಂತೆ ಸ್ವಿಚ್ ಮಾಡುವ ತಪಾಸಣೆ ಮೇಲೆ. ಅದರ ಹಳೆಯ ಮಾನದಂಡ 802.1ಡಿ ಪ್ರಕಾರ ಲಿಂಕ್ ಬಂದ ಮೇಲೆ ಪೋರ್ಟ್ 15 ಸೆಕೆಂಡ್ ಸುಮ್ನೆ ಕೇಳಿಸಿಕೊಳ್ಳುತ್ತದೆ, ಇನ್ನೊಂದು 15 ಸೆಕೆಂಡ್ ವಿಳಾಸಗಳನ್ನು ಕಲಿಯುತ್ತದೆ. ಪ್ಯಾಕೆಟ್ (ಡೇಟಾದ ತುಣುಕು) ಬಿಡುವುದು ಆಮೇಲೆಯೇ. ಲ್ಯಾಪ್‌ಟಾಪ್ ಮತ್ತೆ ಮತ್ತೆ ಕೇಳುತ್ತಾ ಇರುತ್ತದೆ. ಎಷ್ಟೋ ಹಳೆಯ ಕಾರ್ಡ್‌ಗಳು ಅಷ್ಟು ಹೊತ್ತು ಕಾಯುವುದಿಲ್ಲ.

ಪರೀಕ್ಷೆ ಸುಲಭ. ಎಸ್.ಪಿ. ರೋಡ್‌ನಲ್ಲಿ ಸಿಗುವ ಮಾಮೂಲಿ 5 ಪೋರ್ಟ್ ಸ್ವಿಚ್ ಒಂದನ್ನು ಟರ್ಮಿನಲ್‌ಗೂ ಮ್ಯಾನೇಜ್ಡ್ ಸ್ವಿಚ್‌ಗೂ ನಡುವೆ ಹಾಕಿ. ಅದನ್ನು ಆನ್ ಮಾಡಿ ಒಂದು ನಿಮಿಷ ಬಿಡಿ, ಆಮೇಲೆ ಟರ್ಮಿನಲ್ ಆನ್ ಮಾಡಿ. ಚಿಕ್ಕ ಸ್ವಿಚ್ ಲಿಂಕ್ ಹಿಡಿದಿಟ್ಟಿರುವುದರಿಂದ ಕಾಯುವುದು ಆಗಲೇ ಮುಗಿದಿರುತ್ತದೆ. ಈಗ ಬೂಟ್ ಆದರೆ ಅದೇ ತೊಂದರೆ. ಟರ್ಮಿನಲ್ ಇರುವ ಪೋರ್ಟ್‌ಗಳಿಗೆ ಮಾತ್ರ ಪೋರ್ಟ್‌ಫಾಸ್ಟ್ (ಕಾಯದೆ ತಕ್ಷಣ ತೆರೆಯುವ ಸೆಟ್ಟಿಂಗ್) ಹಾಕಿ. ಕೆಲವು ಸ್ವಿಚ್‌ಗಳಲ್ಲಿ ಎಡ್ಜ್ ಪೋರ್ಟ್ ಅಂತ ಇರುತ್ತದೆ. ದಯವಿಟ್ಟು ಸ್ಪ್ಯಾನಿಂಗ್ ಟ್ರೀಯನ್ನೇ ಆಫ್ ಮಾಡಬೇಡಿ. ಯಾರಾದರೂ ಒಂದೇ ಕೇಬಲ್‌ನ ಎರಡೂ ತುದಿ ಗೋಡೆಗೆ ಚುಚ್ಚಿದರೆ ಇಡೀ ನೆಟ್‌ವರ್ಕ್ ಮಲಗುತ್ತದೆ.

— ಇದು ನಿಜ. ನಮ್ಮಲ್ಲಿ ಕರ್ನಲ್ (ಲಿನಕ್ಸ್‌ನ ತಿರುಳು) ಸರ್ವರ್‌ನಿಂದ ಇಳಿದ ಮೇಲೆ ನಿಲ್ಲುತ್ತಿತ್ತು. ಕರ್ನಲ್ ಕಾರ್ಡನ್ನು ಮೊದಲಿಂದ ಶುರು ಮಾಡುವಾಗ ಲಿಂಕ್ ಒಮ್ಮೆ ಬಿದ್ದು ಏಳುತ್ತದೆ ಅಲ್ವಾ, ಮತ್ತೆ 30 ಸೆಕೆಂಡ್. ಪೋರ್ಟ್‌ಫಾಸ್ಟ್ ಹಾಕಿದ ಮೇಲೆ ಸರಿಹೋಯಿತು.

— ಇದು ಸರಿಯಾದ ಮೇಲೆ ಇ32 ಬಂದರೆ ಕಥೆ ಬೇರೆ. ಐಪಿ ಸಿಕ್ಕಿದೆ, ಟಿಎಫ್‌ಟಿಪಿ (ಬೂಟ್ ಫೈಲ್ ಕಳಿಸುವ ಸರಳ ವಿಧಾನ) ಮೂಲಕ ಫೈಲ್ ಬರುತ್ತಿಲ್ಲ ಅಂತ ಅರ್ಥ. ಬ್ರಿಡ್ಜ್ ಪಿಸಿಯಲ್ಲಿ ಡಾಕರ್ (ಪ್ರೋಗ್ರಾಂಗಳನ್ನು ಪ್ರತ್ಯೇಕವಾಗಿ ಓಡಿಸುವ ತಂತ್ರಾಂಶ) ಏನಾದರೂ ಇದೆಯಾ ನೋಡಿ. ಇದ್ದರೆ ಬ್ರಿಡ್ಜ್ ದಾಟುವ ಪ್ಯಾಕೆಟ್‌ಗಳನ್ನೂ ಐಪಿಟೇಬಲ್ಸ್ (ಲಿನಕ್ಸ್‌ನ ಫೈರ್‌ವಾಲ್) ತಡೆಯಬಹುದು. ಬರೀ 69ನೇ ಪೋರ್ಟ್ (ಸ್ವಿಚ್‌ನ ಪೋರ್ಟ್ ಅಲ್ಲ, ಟಿಎಫ್‌ಟಿಪಿ ಬಳಸುವ ಸಂಖ್ಯೆ) ತೆರೆದರೆ ಸಾಲದು. ಫೈಲ್ ಕೇಳುವುದು ಮಾತ್ರ 69ರಲ್ಲಿ, ಸರ್ವರ್ ಕಳಿಸುವುದು ಬೇರೆ ಪೋರ್ಟ್‌ನಿಂದ. ಬ್ರಿಡ್ಜ್‌ನ ಎರಡೂ ಕಾರ್ಡ್‌ಗಳ ಮೇಲೆ ಟಿಸಿಪಿಡಂಪ್ (ಹಾದುಹೋಗುವ ಪ್ಯಾಕೆಟ್ ತೋರಿಸುವ ಪ್ರೋಗ್ರಾಂ) ಓಡಿಸಿ, ಟರ್ಮಿನಲ್‌ನ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡ್‌ನ ಗುರುತು ಸಂಖ್ಯೆ) ಹಿಡಿದು ನೋಡಿ. ಒಂದು ಕಡೆ ಕಂಡ ಪ್ಯಾಕೆಟ್ ಇನ್ನೊಂದು ಕಡೆ ಕಾಣದಿದ್ದರೆ ಬ್ರಿಡ್ಜೇ ನುಂಗುತ್ತಿದೆ.

— ಕರೆಂಟ್ ಹೋಗಿ ಬಂದಾಗ ಬ್ರಿಡ್ಜ್ ಪಿಸಿ ಏಳುವ ಮುಂಚೆ ಟರ್ಮಿನಲ್ ಆನ್ ಆದರೂ ಇದೇ ಇ51 ಬರುತ್ತದೆ. ಬ್ರಿಡ್ಜ್, ಮೇಲಿನ ಸ್ವಿಚ್ ಎರಡನ್ನೂ ಯುಪಿಎಸ್‌ಗೆ ಹಾಕಿಬಿಡಿ.