ಸೀನನ 16 ಟಿಬಿ

“16 ಟಿಬಿ ಹಾರ್ಡ್ ಡಿಸ್ಕೇ ತಗೊಂಡುಬಿಡ್ತೀನಿ. ಒಂದೇ ಸಲ ಮಾಡೋ ಖರ್ಚು, ಆಮೇಲೆ ಜೀವನ ಪೂರ್ತಿ ನಿಶ್ಚಿಂತೆ” ಅಂದ ಸೀನ.

ನಾಣಿಯ ಬಾಯಿಗೆ ಹೋಗುತ್ತಿದ್ದ ಬೋಂಡ ಅರ್ಧದಾರಿಯಲ್ಲೇ ನಿಂತಿತು. “ಏನಕ್ಕೋ? ವಿಧಾನಸೌಧದ ಕಡತ ಪೂರಾ ನಿಮ್ಮನೇಲಿ ಇಡ್ತಾರಂತಾ?”

“ಹಳೇ ವಿಡಿಯೊ ಗೇಮಿಗಪ್ಪಾ. ಟಿವಿ ಹಿಂದೆ ರಾಸ್ಪ್‌ಬೆರಿ ಪೈ ಅಂತ ಪುಟ್ಟ ಕಂಪ್ಯೂಟರ್ ಕೂರಿಸಿದೀನಲ್ಲ, ಅದಕ್ಕೆ ಎಮ್ಯುಲೇಟರ್, ಅಂದ್ರೆ ಹಳೇ ಗೇಮ್ ಮೆಷಿನ್ನಿನ ವೇಷ ಹಾಕೋ ಸಾಫ್ಟ್‌ವೇರ್ ಹಾಕ್ಕೊಂಡು ನಿಂಟೆಂಡೊದಿಂದ ಹಿಡಿದು ಸೋನಿ ಪ್ಲೇಸ್ಟೇಷನ್ 2, ಅದೇ ಪಿಎಸ್2 ತನಕ ಎಲ್ಲಾ ಆಟಾನೂ ಒಂದೇ ಕಡೆ.”

“ಎಲ್ಲಾ ಅಂದ್ರೆ?”

“ಎಲ್ಲಾ ಅಂದ್ರೆ ಎಲ್ಲಾ.”

ವಿಮಲ ಅಲ್ಲಿಯ ತನಕ ಫೋನು ನೋಡುತ್ತಾ ಕೂತಿದ್ದವಳು ತಲೆ ಎತ್ತಿದಳು. ನಮ್ಮ ಗುಂಪಿನಲ್ಲಿ ಕಂಪ್ಯೂಟರ್ ಬಿಚ್ಚಿ ಮತ್ತೆ ಮುಚ್ಚಲು ಬರುವುದು ಅವಳೊಬ್ಬಳಿಗೇ. ಉಳಿದವರಿಗೆ ಬಿಚ್ಚಲು ಮಾತ್ರ ಬರುತ್ತದೆ. “ಸೀನ, ಸೂಪರ್ ಮಾರಿಯೊ ಬ್ರದರ್ಸ್ ಎಷ್ಟು ದೊಡ್ಡದು ಹೇಳು ನೋಡೋಣ.”

“ಎಂಟು ವರ್ಲ್ಡು, ಒಂದೊಂದಕ್ಕೆ ನಾಲ್ಕು ಲೆವೆಲ್ಲು... ಅರ್ಧ ಜಿಬಿ ಇರಬಹುದಾ?”

“40 ಕೆಬಿ. 1985ರದ್ದು. ಮೇಷ್ಟ್ರು ದಿನಾ ಬೆಳಗ್ಗೆ ಗ್ರೂಪಿಗೆ ಗುಲಾಬಿ ಹೂವು ಹಾಕಿ ಕೆಳಗೆ ‘ಶುಭೋದಯ’ ಅಂತ ಬರೀತಾರಲ್ಲ, ಆ ಒಂದು ಚಿತ್ರದ ಜಾಗದಲ್ಲಿ ಎರಡು ಮೂರು ಮಾರಿಯೊ ಆರಾಮಾಗಿ ಸಂಸಾರ ಮಾಡಬಹುದು.”

ಮೇಷ್ಟ್ರಿಗೆ ಬೇಜಾರಾಯಿತೋ ಹೆಮ್ಮೆಯಾಯಿತೋ ಗೊತ್ತಾಗಲಿಲ್ಲ. ಇನ್ನೊಂದು ರೌಂಡು ಕಾಫಿ ಹೇಳಿದರು.

“ಕಾಂಟ್ರಾ 128 ಕೆಬಿ. ಸೂಪರ್ ನಿಂಟೆಂಡೊದ ಅತಿ ದೊಡ್ಡ ಕ್ಯಾಸೆಟ್ಟುಗಳೇ 6 ಎಂಬಿ. ನಿಂಟೆಂಡೊ 64ರದ್ದು 64 ಎಂಬಿಗೆ ನಿಂತುಹೋಯ್ತು. ಅಲ್ಲೀತನಕ ಕ್ಯಾಸೆಟ್ಟಲ್ಲಿ ಬಂದ ಆಟ ಎಲ್ಲಾ ಗುಡ್ಡೆ ಹಾಕಿದ್ರೂ ಒಂದು 64 ಜಿಬಿ ಪೆನ್‌ಡ್ರೈವ್ ಸಾಕು. ನಿನ್ನ 16 ಟಿಬಿ ಡ್ರೈವಲ್ಲಿ ಅದನ್ನ ಇಟ್ಟರೆ ಹುಡುಕಕ್ಕೆ ಪೊಲೀಸ್ ಕಂಪ್ಲೇಂಟ್ ಕೊಡಬೇಕು.”

“ಪಿಎಸ್2 ಅಂದ್ನಲ್ಲಮ್ಮಾ” ಅಂತ ಸೀನ ಪಟ್ಟು ಬಿಡಲಿಲ್ಲ.

“ಅಲ್ಲೇ ಇರೋದು ತರಲೆ. 1994ರಲ್ಲಿ ಸೋನಿ ಮೊದಲ ಪ್ಲೇಸ್ಟೇಷನ್, ಅಂದ್ರೆ ಪಿಎಸ್1 ಜೊತೆ ಸಿಡಿ ತಂದು ಕೂತ್ಕೊಳ್ತು. ಒಂದು ಸಿಡಿ ಅಂದ್ರೆ 650, 700 ಎಂಬಿ. ಫೈನಲ್ ಫ್ಯಾಂಟಸಿ 7 ಒಂದಕ್ಕೇ ಮೂರು ಸಿಡಿ. 2000ಕ್ಕೆ ಪಿಎಸ್2 ಬಂತು, ಡಿವಿಡಿ, 4.7 ಜಿಬಿ. ಲೋಕದಲ್ಲೆಲ್ಲಾ ಸೇರಿ 4,000ಕ್ಕೂ ಹೆಚ್ಚು ಆಟ. ತಲೆಗೆ 2 ಜಿಬಿ ಅಂತ ಹಿಡಿ...”

“8 ಟಿಬಿ!” ಸೀನ ಮೇಜು ಕುಟ್ಟಿದ. “ನಾನು ಹೇಳಲಿಲ್ವಾ!”

ಇಲ್ಲಿ ನಾಣಿಗೆ ಏನೋ ಹೊಳೆಯಿತು. “ಲೋ, ನಮ್ಮ ಕಾಲದ ಕ್ಯಾಸೆಟ್ಟಿನ ಮೇಲೆ ‘9999999 ಇನ್ 1’ ಅಂತ ಇರ್ತಿತ್ತು, ನೆನಪಿದೆಯಾ? ಮೊದಲನೇ ಪೇಜಿಗೆ ಸರಕು ಖಾಲಿ. ಮುಂದೆ ಅದೇ ಕಾಂಟ್ರಾ, ಎರಡನೇ ಲೆವೆಲ್ಲಿಂದ ಶುರು. ಮತ್ತೆ ಅದೇ ಕಾಂಟ್ರಾ, ಮೂವತ್ತು ಜೀವದ್ದು. ನಾನು ಕೊನೇ ಆಟ ಯಾವುದು ನೋಡೇಬಿಡೋಣ ಅಂತ ಒಂದು ಭಾನುವಾರ ಪೂರ್ತಿ ಬಟನ್ ಒತ್ತಿದ್ದೆ.”

“ಈಗ ಎಲ್ಲಾ ಆಟಾನೂ ಒಟ್ಟಿಗೆ ಅಂತ ಸಿಗೋ ಫುಲ್ ಸೆಟ್ಟೂ ಅದೇ ಜಾತಿ” ಅಂದಳು ವಿಮಲ. “ಒಂದೇ ಆಟ ಅಮೆರಿಕದ್ದೊಂದು, ಯುರೋಪಿನದ್ದೊಂದು, ಜಪಾನಿನದ್ದೊಂದು, ಮೇಲೆ ತಪ್ಪು ತಿದ್ದಿ ಬಿಟ್ಟಿದ್ದು ಇನ್ನೊಂದು. ಆಗಿನ ಯುರೋಪಿನ ಟಿವಿ 50 ಹರ್ಟ್ಸ್, ಅಂದ್ರೆ ಸೆಕೆಂಡಿಗೆ 50 ಸಲ ಚಿತ್ರ, ಅಮೆರಿಕದ್ದು 60. ಅದಕ್ಕೇ ಓಟದ ಆಟದ ಹೀರೋ ಸೋನಿಕ್ ಯುರೋಪಿನಲ್ಲಿ ಸ್ವಲ್ಪ ನಿಧಾನಕ್ಕೆ ಓಡ್ತಿದ್ದ. ನಿಧಾನದ ಸೋನಿಕ್ಕೂ ಬೇಕಾ ನಿಂಗೆ?”

“ವಯಸ್ಸಾದ ಮೇಲೆ ಬೇಕಾಗುತ್ತೆ.”

“ಜಪಾನೀಸ್ ಕುದುರೆ ರೇಸಿನ ಆಟ?”

“ಕಲಿಯಬಹುದು, ಜಪಾನೀಸ್.”

“ಒಂದು ಆಟಕ್ಕೆ ಒಂದೇ ಪ್ರತಿ ಇಟ್ಕೊ ಮಾರಾಯ. ಸಿಡಿ ಆಟಗಳನ್ನ ಸಿಎಚ್‌ಡಿ ಅನ್ನೋ ಥರದ ಫೈಲು ಮಾಡು, ಚೆನ್ನಾಗಿ ಕುಗ್ಗುತ್ತೆ, ಬಿಚ್ಚದೇ ಹಾಗೇ ಆಡಬಹುದು. ನಿಂಟೆಂಡೊದ ಗೇಮ್‌ಕ್ಯೂಬ್ ಇನ್ನೂ ತಮಾಷೆ. ಅದರ ಡಿಸ್ಕು 1.46 ಜಿಬಿ. ಆಟ ಚಿಕ್ಕದಿದ್ರೆ ಮಿಕ್ಕ ಜಾಗಕ್ಕೆ ಬರೀ ಕಸ ತುಂಬಿಸ್ತಿದ್ರು. ಜಿಪ್ ಮಾಡಿದ್ರೂ ಆ ಕಸ ಕರಗಲ್ಲ. ಆರ್‌ವಿಝಡ್ ಅಂತ ಇನ್ನೊಂದು ಥರದ ಫೈಲು ಇದೆ, ಅದು ಕಸದ ಸೂತ್ರ ಮಾತ್ರ ಇಟ್ಕೊಂಡು ಕಸ ಎಸೆಯುತ್ತೆ.”

“ನಮ್ಮ ಓನರಿಗೂ ಒಂದು ಹೇಳಿಕೊಡಮ್ಮ” ಅಂದರು ಮೇಷ್ಟ್ರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, ತರಗತಿಯ ದನಿಯಲ್ಲಿ: “ಸೀನ, ಈ ನಾಲ್ಕು ಸಾವಿರ ಆಟಾನೂ ನೀನು ದುಡ್ಡು ಕೊಟ್ಟು ಕೊಂಡಿದ್ದೇನಯ್ಯಾ?”

ಸೀನ ಚಟ್ನಿ ತರಲು ಎದ್ದು ಹೋದ.

“ಎಮ್ಯುಲೇಟರ್ ತಪ್ಪಲ್ಲ ಮೇಷ್ಟ್ರೇ” ಅಂತ ವಿಮಲ ಅವನ ಪರ ವಕಾಲತ್ತಿಗೆ ನಿಂತಳು. “ಪ್ಲೇಸ್ಟೇಷನ್ ಎಮ್ಯುಲೇಟರ್ ಮಾಡಿದ್ದ ಕನೆಕ್ಟಿಕ್ಸ್ ಕಂಪನಿ ಮೇಲೆ ಸೋನಿ ಕೇಸು ಹಾಕಿ, 2000ದಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟಲ್ಲಿ ಸೋತಿತ್ತು. ಆದ್ರೆ ಆಟ ಯಾರದ್ದೋ ಸೈಟಿಂದ ಇಳಿಸಿಕೊಳ್ಳೋದು ಬೇರೆ ಕಥೆ. ಅವನ ಅಟ್ಟದ ಮೇಲೆ ಒಂದು ಶೂ ಡಬ್ಬಿ ತುಂಬ ಡಿಸ್ಕಿದೆ. ಅಷ್ಟಕ್ಕೆ 500 ಜಿಬಿ ಧಾರಾಳ.”

ಚಟ್ನಿ ಸಮೇತ ವಾಪಸು ಬಂದ ಸೀನನಿಗೆ 500 ಮಾತ್ರ ಕೇಳಿಸಿತು. ಮುಖ ಸಣ್ಣಗಾಯಿತು. “ಕೊನೇ ಪಕ್ಷ 1 ಟಿಬಿ...”

“1 ಟಿಬಿ ಅಂತ ಡಬ್ಬಿ ಮೇಲೆ ಇರುತ್ತೆ, ವಿಂಡೋಸ್‌ಗೆ ಹಾಕಿದ್ರೆ 931 ಅಂತ ತೋರಿಸುತ್ತೆ” ಅಂದ ನಾಣಿ. “ಫ್ಲಾಟಿನ ಸೂಪರ್ ಬಿಲ್ಟ್-ಅಪ್ ಏರಿಯಾ ಇದ್ದಂಗೆ. ಲಿಫ್ಟು, ಮೆಟ್ಟಿಲು ಎಲ್ಲಾ ನಮ್ಮ ಲೆಕ್ಕಕ್ಕೇ.”

ಅದು ಮೋಸವಲ್ಲ, ಕಂಪನಿಯವರು ಸಾವಿರದಿಂದ ಗುಣಿಸುತ್ತಾರೆ, ವಿಂಡೋಸ್ 1024ರಿಂದ ಭಾಗಿಸುತ್ತದೆ ಅಂತ ವಿಮಲ ಬಿಡಿಸಿ ಹೇಳಿದಳು. ಫ್ಲಾಟು ಕೊಂಡ ನಾಣಿ ನಂಬುವ ಸ್ಥಿತಿಯಲ್ಲಿರಲಿಲ್ಲ. ಅವನ ಮುಂದಿನ ಸಲಹೆ ಹಾರ್ಡ್ ಡಿಸ್ಕಿಗಿಂತ ವೇಗದ ಎಸ್‌ಎಸ್‌ಡಿ. ಅದಕ್ಕೂ ಅವಳು ಒಪ್ಪಲಿಲ್ಲ. ಮೊದಲ ಪ್ಲೇಸ್ಟೇಷನ್ ಸಿಡಿಯಿಂದ ಓದುತ್ತಿದ್ದದ್ದೇ ಸೆಕೆಂಡಿಗೆ 300 ಕೆಬಿ. ಮಾಮೂಲಿ ಹಾರ್ಡ್ ಡಿಸ್ಕು ಆಕಳಿಸುತ್ತಾ ಕೆಲಸ ಮಾಡಿದರೂ ಅದಕ್ಕೆ ನೂರಾರು ಪಟ್ಟು ಜೋರು.

“ಅದಿರಲಿ, ನಿನ್ನ ಪೈ ಯಾವುದು?”

“ಪೈ 4.”

ವಿಮಲ ಕಾಫಿ ಲೋಟ ಕೆಳಗಿಟ್ಟಳು. “ಅದರಲ್ಲಿ ಪಿಎಸ್2 ಆಟ ಓಡಲ್ಲ ಕಣೋ. ತೆವಳುತ್ತೆ. ಪಿಎಸ್1 ತನಕ ರಾಜ, ಆಮೇಲೆ ಭಿಕಾರಿ. ಇಷ್ಟೊತ್ತು 8 ಟಿಬಿ ಲೆಕ್ಕ ಹಾಕಿದ್ದು ಯಾರಿಗೋಸ್ಕರ? ಇನ್ನೊಂದು, 16 ಟಿಬಿ ಬರೋದು ದಪ್ಪ ಡ್ರೈವಲ್ಲಿ. ಪೈಯ ಯುಎಸ್‌ಬಿ ಕರೆಂಟಲ್ಲಿ ಅದು ಏಳೋದೂ ಇಲ್ಲ, ಬೇರೆ ಅಡಾಪ್ಟರ್ ಬೇಕು. ಟಿಬಿ ಲೆಕ್ಕ ಬಿಡು. ಯಾವ ಇಸವಿಗೆ ನಿಲ್ಲಿಸ್ತೀಯ, ಅದು ಹೇಳು. ಡ್ರೈವ್ ಎಷ್ಟರದ್ದು ಅಂತ ನಾನು ಹೇಳ್ತೀನಿ.”

“1999.”

“1 ಟಿಬಿ. ನಿನ್ನ ಅಟ್ಟದ ಡಿಸ್ಕಿಗೆ ಜಾಗ ಮಿಗುತ್ತೆ.”

“2001?”

“ಹೊಸ ಪಿಸಿ ತಗೋ, 4 ಟಿಬಿ ಡ್ರೈವ್ ತಗೋ, ಆರಿಸಿ ಆರಿಸಿ ಇಡು.”

“2006?”

“ಪಿಎಸ್3. ಬ್ಲೂ-ರೇ. ಒಂದು ಡಿಸ್ಕಿಗೆ 50 ಜಿಬಿ ತನಕ ಹೋಗುತ್ತೆ. ಮನೆ ಅಡ ಇಡು.”

“ಪಿಎಸ್3 ಹೆಂಗಮ್ಮಾ ಹಳೇದಾಗುತ್ತೆ? ಮೊನ್ನೆ ಮೊನ್ನೆ ಬಂದಿದ್ದು!” ಅಂದರು ಮೇಷ್ಟ್ರು.

“ನಮ್ಮ ಮಗಳಿಗೆ ಅದು ಹೊಯ್ಸಳರ ಕಾಲದ್ದು” ಅಂದ ನಾಣಿ. “ಪಿಎಸ್2 ತೋರಿಸಿದ್ರೆ, ಅಪ್ಪಾ ಇದರ ಅರ್ಚಕರು ಯಾರು ಅಂದ್ಲು.”

ಸೀನ ಮೇಲೆ ನೋಡಿದ, ಕೆಳಗೆ ನೋಡಿದ, ಕಡೆಗೆ ಬಿಲ್ಲಿನ ಹಿಂದುಗಡೆ “1999” ಅಂತ ಬರೆದು ಸುತ್ತ ಗೆರೆ ಎಳೆದ. ಸೇವ್ ಫೈಲುಗಳನ್ನ ಮಾತ್ರ ಇನ್ನೊಂದು ಕಡೆ ಇಟ್ಟುಕೋ, ಪಿಎಸ್1ರ ಮೆಮೊರಿ ಕಾರ್ಡು ಬರೀ 128 ಕೆಬಿ, ಆಟ ಹೋದ್ರೆ ಡಿಸ್ಕಿಂದ ಮತ್ತೆ ತೆಗೀಬಹುದು, ಆಡಿದ್ದು ಹೋದ್ರೆ ಹೋಯ್ತು ಅಂತ ವಿಮಲ ಎಚ್ಚರಿಸಿದಳು.

“ಮೊದಲು ಯಾವುದು ಹಾಕ್ತೀಯ?” ಅಂತ ಮೇಷ್ಟ್ರು ಕೇಳಬಾರದಿತ್ತು.

“ಬ್ಯಾಟಲ್ ಸಿಟಿ. ಟ್ಯಾಂಕ್ ಆಟ. 24 ಕೆಬಿ.”

ನಾಣಿ ಬೋಂಡ ಕೆಳಗಿಟ್ಟ. “ಅದರ ಹೆಸರು ಎತ್ತಬೇಡ. ಮೂವತ್ತೈದನೇ ಲೆವೆಲ್ಲಲ್ಲಿ ನಾವು ಕಾಯಬೇಕಾದ ನಮ್ಮದೇ ಹದ್ದಿಗೆ ಗುಂಡು ಹೊಡೆದವನು ನೀನು.”

“ನಾನಾ? ಇಟ್ಟಿಗೆ ಒಡೆದು ದಾರಿ ಮಾಡಿಕೊಟ್ಟವನು ನೀನು!”

“ಶತ್ರು ಟ್ಯಾಂಕು ಎಡಗಡೆಯಿಂದ ಬರ್ತಿತ್ತು...”

“ಎಡಗಡೆ ನೀರಿತ್ತು ಕಣೋ!”

ವಿಮಲ ಬಿಲ್ಲು ತಿರುಗಿಸಿ ನೋಡಿ, ನೀನೇ ಕೊಡಬೇಕು ಅಂತ ಸೀನನ ಮುಂದೆ ತಳ್ಳಿದಳು.